ಗುಡುಗುಡಿಯ ಕೆಂಡ



ನಮ್ಮ ಕುಮಾರಸ್ವಾಮಿ ಲೇಔಟಿನ ಶಾವಿಗೆ ಮಲ್ಲೇಶ್ವರ ಬೆಟ್ಟದ ಸುತ್ತ ಕಾಲೇಜುಗಳಿವೆ, ಬೀದಿಬೀದಿಗೂ ಪಿಜಿಗಳಿವೆ. ಊರಿಂದ ಬಂದ ಹದಿನೆಂಟರ ಮಕ್ಕಳು ನಮ್ಮ ನೆರೆಹೊರೆಯವರು. ಹುಕ್ಕಾದ ವಿಷಯ ಇಲ್ಲಿ ಮಾತಾಡಲು ಅದೇ ಕಾರಣ.

ಹುಕ್ಕಾ ಎಂದರೆ ಎಲ್ಲರೂ ಹೊಗೆಸೊಪ್ಪನ್ನೇ ನೆನೆಯುತ್ತಾರೆ. ನನಗೆ ಹೆಚ್ಚು ಭಯ ಕೆಂಡದ್ದು. ಚಿಲುಮೆಯಲ್ಲಿ ಹಣ್ಣಿನ ಘಮದ ಅಂಟು ಮಿಶ್ರಣ, ಮೇಲೊಂದು ತೂತು ಹಾಕಿದ ಅಲ್ಯೂಮಿನಿಯಂ ಹಾಳೆ, ಅದರ ಮೇಲೆ ಇಕ್ಕಳದಲ್ಲಿ ತಂದಿಟ್ಟ ಎರಡು ಮೂರು ಕೆಂಡ. ಕೊಳವೆ ಎಳೆದರೆ ಇದ್ದಿಲಿನಿಂದ ಹುಟ್ಟಿದ ಕಾರ್ಬನ್ ಮೊನಾಕ್ಸೈಡೂ ಹೊಗೆಯ ಜೊತೆ ಇಳಿಯುತ್ತದೆ. ತಳದ ನೀರು ಅದನ್ನು ತಡೆಯುವುದಿಲ್ಲ. ನೀರು ಮಾಡುವುದು ಹೊಗೆಯನ್ನು ತಣ್ಣಗಾಗಿಸುವ ಕೆಲಸ. ಗಂಟಲು ಉರಿಯದ್ದರಿಂದ ಹುಡುಗರು ಇನ್ನೂ ಆಳಕ್ಕೆ ಎಳೆಯುತ್ತಾರೆ. 'ಹರ್ಬಲ್, ತಂಬಾಕೇ ಇಲ್ಲ' ಎಂದು ಕೊಟ್ಟರೂ ಕೆಂಡ ಅದೇ, ಅನಿಲ ಅದೇ.

ಒಂದು ಸಲ ಕೂತು ಎಳೆಯುವ ಹೊಗೆ ನೂರಕ್ಕೂ ಹೆಚ್ಚು ಸಿಗರೇಟಿನಷ್ಟಾಗಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆ 2005ರಲ್ಲೇ ಎಚ್ಚರಿಸಿತ್ತು. ಅದು ಹೊಗೆಯ ಪ್ರಮಾಣದ ಲೆಕ್ಕ. ವಿಷವೂ ನೂರು ಪಟ್ಟು ಎಂದು ಹೇಳಿದರೆ ಓದಿದ ಮಕ್ಕಳು ನಮ್ಮ ಮಿಕ್ಕ ಮಾತನ್ನೂ ನಂಬುವುದಿಲ್ಲ. ಒಂದೇ ಕೊಳವೆ ಬಾಯಿಂದ ಬಾಯಿಗೆ ಹೋಗುವಾಗ ಕ್ಷಯದಂಥ ಸೋಂಕುಗಳ ಅಪಾಯವೂ ಇದೆ.

'ಇದು ನಮ್ಮ ಪರಂಪರೆ' ಎನ್ನುವವರಿದ್ದಾರೆ. ನಿಜ, ಅಕ್ಬರನ ಆಸ್ಥಾನಕ್ಕೆ ಹೊಗೆಸೊಪ್ಪನ್ನು ಅವನ ದೂತ ಅಸದ್ ಬೇಗ್ ಒಯ್ದದ್ದು ನಮ್ಮ ಬಿಜಾಪುರದಿಂದ. ಬೆಳ್ಳಿಯ ಕುಸುರಿ ಹೊದ್ದ ಬೀದರಿನ ಬಿದರಿ ಹುಕ್ಕಾ ತಳಗಳು ಜಗತ್ತಿನ ವಸ್ತುಸಂಗ್ರಹಾಲಯಗಳಲ್ಲಿವೆ. ಆ ಕೈಚಳಕಕ್ಕೆ ನನ್ನ ನಮಸ್ಕಾರ. ಆದರೆ ಆಸ್ಥಾನದ ಹಕೀಮರೇ ಅಂದು ಆಕ್ಷೇಪವೆತ್ತಿದ್ದರು, ಜಹಾಂಗೀರ್ 1617ರಲ್ಲಿ ಹೊಗೆಸೊಪ್ಪನ್ನು ನಿಷೇಧಿಸಿದ. ಅದೂ ಪರಂಪರೆಯೇ.

ಇನ್ನು ಕಾನೂನು. 2003ರ ಕೇಂದ್ರ ಕಾಯ್ದೆಯಲ್ಲಿ ಸಾರ್ವಜನಿಕ ಸ್ಥಳದಲ್ಲಿ ಸೇದಿದವರಿಗೆ ಗರಿಷ್ಠ ದಂಡ 200 ರೂಪಾಯಿ ಇತ್ತು. ಮೂವತ್ತು ಆಸನಗಳ ಹೋಟೆಲು ಧೂಮಪಾನಕ್ಕೆ ಪ್ರತ್ಯೇಕ ಜಾಗ ಇಡಬಹುದಿತ್ತು. ಆ ಜಾಗದಲ್ಲೇ ಹುಕ್ಕಾ ವ್ಯಾಪಾರ ಬೆಳೆಯಿತು. 2014ರಲ್ಲಿ ಸುಪ್ರೀಂ ಕೋರ್ಟ್ ತೀರ್ಪೂ ವ್ಯಾಪಾರಿಗಳ ಪರವಾಯಿತು. 2023ರ ಅಕ್ಟೋಬರ್ 18ರಂದು ಕೋರಮಂಗಲದ ತಾವರೆಕೆರೆ ಮುಖ್ಯರಸ್ತೆಯಲ್ಲಿ ಕಟ್ಟಡವೊಂದರ ಮೇಲ್ಮಹಡಿಯ ಹುಕ್ಕಾ ಕೆಫೆ ಹೊತ್ತಿ ಉರಿಯಿತು. ಪ್ರಾಣಭಯದಲ್ಲಿ ಒಬ್ಬರು ಮೇಲಿಂದ ಹಾರಿದ್ದನ್ನು ನಾವೆಲ್ಲ ಟಿವಿಯಲ್ಲಿ ನೋಡಿದೆವು. 2024ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಹುಕ್ಕಾವನ್ನು ನಿಷೇಧಿಸಿದ ಆದೇಶದಲ್ಲೂ ಆ ಬೆಂಕಿಯ ಪ್ರಸ್ತಾಪವಿತ್ತು. ನಿಕೋಟಿನ್ ಇಲ್ಲದ ಹುಕ್ಕಾವೂ ಆ ನಿಷೇಧದಲ್ಲಿ ಸೇರಿತು. ನನ್ನ ಮಟ್ಟಿಗೆ ಆ ಆದೇಶದ ಜೀವಾಳ ಅದೇ.

ವ್ಯಾಪಾರಿಗಳು ಹೈಕೋರ್ಟಿಗೆ ಹೋದರು. ಅದೇ ವರ್ಷದ ಏಪ್ರಿಲ್ 22ರಂದು ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಅವರು ಸಂವಿಧಾನದ 47ನೇ ವಿಧಿಯನ್ನು ನೆನಪಿಸಿ ನಿಷೇಧವನ್ನು ಎತ್ತಿಹಿಡಿದರು. 2003ರ ಆ ಕಾಯ್ದೆಗೆ ನಮ್ಮ ವಿಧಾನಸಭೆ ಒಪ್ಪಿದ ತಿದ್ದುಪಡಿಗೆ ರಾಷ್ಟ್ರಪತಿಗಳ ಅಂಕಿತ ಬಿದ್ದು 2025ರಲ್ಲಿ ಜಾರಿಗೆ ಬಂತು. ಹುಕ್ಕಾ ಬಾರ್ ನಡೆಸಿದರೆ ಒಂದರಿಂದ ಮೂರು ವರ್ಷ ಸೆರೆ, 50 ಸಾವಿರದಿಂದ ಒಂದು ಲಕ್ಷ ರೂಪಾಯಿ ದಂಡ. ತಂಬಾಕು ಮಾರಾಟಕ್ಕೆ ವಯಸ್ಸಿನ ಮಿತಿ 21.

ಕಾಯ್ದೆ ಗಟ್ಟಿಯಾಯಿತು, ಇನ್ನು ಬೀದಿಯ ಕೆಲಸ ನಮ್ಮದು. ಮೇಲ್ಮಹಡಿಯನ್ನು ಕೆಫೆಗೆ ಕೊಡುವ ಮನೆ ಮಾಲೀಕರು ಬಾಡಿಗೆ ಕರಾರಿನಲ್ಲಿ ಹುಕ್ಕಾ ಕೂಡದೆಂದು ಬರೆಸಿಕೊಳ್ಳಿ. ಪರವಾನಗಿ ಪರಿಶೀಲನೆಗೆ ಬರುವವರು ಕಿಟಕಿ ಮುಚ್ಚಿದ ಹಿಂಬದಿಯ ಕೋಣೆಯನ್ನೂ ತೆರೆಸಿ ನೋಡಲಿ. ಪೊಲೀಸರು ಕೊಳವೆ ಹಿಡಿದ ಹುಡುಗನನ್ನು ಠಾಣೆಗೆ ಎಳೆದೊಯ್ದು, ಅಂಗಡಿ ನಡೆಸುವವನನ್ನು ಬಿಟ್ಟು ಬರುವುದು ಬೇಡ.

ಪಿಜಿ ನಡೆಸುವ ಅಮ್ಮಂದಿರಿಗೂ ಅಪ್ಪಂದಿರಿಗೂ ಒಂದು ಮಾತು. ಮುಚ್ಚಿದ ಕೋಣೆಯಿಂದ ಬಂದ ಹುಡುಗ ತಲೆನೋವು, ತಲೆಸುತ್ತು, ವಾಂತಿ ಎಂದರೆ ಬೈಗುಳ ಆಮೇಲೆ. ಕೋವಿಡ್ ಕಾಲದಲ್ಲಿ ಕೊಂಡ ಆಕ್ಸಿಮೀಟರನ್ನು ಬೆರಳಿಗೆ ಸಿಕ್ಕಿಸಿ, 98 ತೋರಿಸಿತೆಂದು ಸುಮ್ಮನಾಗಬೇಡಿ. ರಕ್ತಕ್ಕೆ ಅಂಟಿದ್ದು ಆಮ್ಲಜನಕವೋ ಕಾರ್ಬನ್ ಮೊನಾಕ್ಸೈಡೋ ಎಂದು ಬೇರೆ ಮಾಡಿ ಹೇಳುವ ಶಕ್ತಿ ಆ ಸಾಧನಕ್ಕಿಲ್ಲ. ಹುಡುಗನನ್ನು ಗಾಳಿಗೆ ಕರೆತಂದು ಆಸ್ಪತ್ರೆಗೆ ಕರೆದೊಯ್ಯಿರಿ. ಹುಕ್ಕಾ ಸೇದಿದ್ದನ್ನು ವೈದ್ಯರಿಗೆ ಮುಚ್ಚಿಡದೆ ಹೇಳಿದರೆ, ಯಾವ ರಕ್ತಪರೀಕ್ಷೆ ಮಾಡಿಸಬೇಕೆಂದು ಅವರಿಗೆ ತಿಳಿಯುತ್ತದೆ.