ಗಣಕಯಂತ್ರದ ತಾಳ: ಬಸ್ ವೇಗ ಮತ್ತು ಓವರ್‌ಕ್ಲಾಕಿಂಗ್



ಕಲಬುರಗಿಯ ನಿಲ್ದಾಣದಲ್ಲಿ ಆಳಂದ, ಅಫಜಲಪುರ, ಜೇವರ್ಗಿ ಎಂಬ ಫಲಕ ಹೊತ್ತು ನಿಂತ ಬಸ್ಸುಗಳನ್ನು ನೀವೆಲ್ಲ ನೋಡಿದ್ದೀರಿ. ಇಂದು ನಾನು ಹೇಳಹೊರಟಿರುವುದು ಗಣಕಯಂತ್ರದ ಒಳಗಿನ ಬಸ್ಸಿನ ವಿಷಯ. ಎರಡು ಹೆಸರಿಗೂ ಮೂಲ ಒಂದೇ: 'ಎಲ್ಲರಿಗಾಗಿ' ಎಂಬ ಅರ್ಥದ ಲ್ಯಾಟಿನ್ ಪದ 'ಆಮ್ನಿಬಸ್'. ರಸ್ತೆಯ ಬಸ್ಸು ಎಲ್ಲ ಪ್ರಯಾಣಿಕರನ್ನೂ ಒಯ್ಯುತ್ತದೆ. ಗಣಕದ ಬಸ್ಸು ಎಂದರೆ ಮದರ್‌ಬೋರ್ಡಿನ ಮೇಲೆ ಸಾಲಾಗಿ ಹಾಸಿದ ತಂತಿದಾರಿಗಳು. ಪ್ರೊಸೆಸರ್, ಮೆಮೊರಿ ಮತ್ತು ಇತರ ಭಾಗಗಳ ನಡುವೆ ಮಾಹಿತಿ ಓಡಾಡುವುದು ಇವುಗಳ ಮೂಲಕ.

ಈ ಓಡಾಟಕ್ಕೆ ಒಂದು ತಾಳ ಬೇಕು. ನಮ್ಮ ಊರುಗಳ ಭಜನೆಯನ್ನು ನೆನಪಿಸಿಕೊಳ್ಳಿ. ಕಡಕೋಳ ಮಡಿವಾಳಪ್ಪನವರ ತತ್ವಪದ ಹಾಡುವಾಗ ಒಬ್ಬರು ತಾಳ ಹಾಕುತ್ತಾರೆ. ಹಾಡುವವರು, ತಬಲಾ, ಹಾರ್ಮೋನಿಯಂ ಎಲ್ಲವೂ ಆ ತಾಳಕ್ಕೆ ಕಟ್ಟುಬಿದ್ದು ನಡೆಯುತ್ತವೆ. ಗಣಕದಲ್ಲಿ ತಾಳ ಹಾಕುವುದು ಸ್ಫಟಿಕದ ಒಂದು ಸಣ್ಣ ಹರಳು ಮತ್ತು ಅದರ ಜೊತೆಗಿರುವ ಮಂಡಲ. ಬಸ್ ವೇಗ 100 ಮೆಗಾಹರ್ಟ್ಸ್ ಎಂದರೆ ಒಂದು ಸೆಕೆಂಡಿಗೆ 10 ಕೋಟಿ ಪೆಟ್ಟು. ತಾಳ ಒಮ್ಮೆ ಬೀಳುವಷ್ಟರಲ್ಲಿ ತಬಲಜಿ ನಾಲ್ಕು ಪೆಟ್ಟು ಬಾರಿಸುವಂತೆ, ಪ್ರೊಸೆಸರ್ ತನ್ನ ಒಳಗೆ ಈ ತಾಳವನ್ನು ಮೂರು ಪಟ್ಟು, ನಾಲ್ಕೂವರೆ ಪಟ್ಟು ಮಾಡಿಕೊಂಡು ಓಡುತ್ತದೆ. ಆ ಸಂಖ್ಯೆಗೆ ಗುಣಕ ಎಂದು ಹೆಸರು. ಬಸ್ ವೇಗವನ್ನು ಗುಣಕದಿಂದ ಗುಣಿಸಿದರೆ ಪ್ರೊಸೆಸರಿನ ವೇಗ ಬರುತ್ತದೆ.

ಒಂದು ಪ್ರಸಿದ್ಧ ಉದಾಹರಣೆಯನ್ನು ನೋಡೋಣ. 1998ರ ಆಗಸ್ಟ್‌ನಲ್ಲಿ ಇಂಟೆಲ್ ಕಂಪನಿ ಸೆಲೆರಾನ್ 300ಎ ಎಂಬ ಅಗ್ಗದ ಪ್ರೊಸೆಸರನ್ನು ಹೊರತಂದಿತು. ಅದರ ಬಸ್ 66 ಮೆಗಾಹರ್ಟ್ಸ್, ಗುಣಕ ನಾಲ್ಕೂವರೆ. ಆದ್ದರಿಂದ ವೇಗ 300. ಗುಣಕವನ್ನು ಬದಲಿಸದಂತೆ ಕಂಪನಿ ಬೀಗ ಹಾಕಿತ್ತು. ಆದರೆ ಬಸ್ಸಿನ ವೇಗ ಮದರ್‌ಬೋರ್ಡಿನ ಕೈಯಲ್ಲಿತ್ತು. ಅದನ್ನು 100ಕ್ಕೆ ಏರಿಸಿದರೆ ನಾಲ್ಕೂವರೆ ನೂರು, ಅಂದರೆ 450 ಮೆಗಾಹರ್ಟ್ಸ್! ಅದೇ ತಿಂಗಳು ಬಂದ, ಬಹಳ ದುಬಾರಿಯಾದ ಪೆಂಟಿಯಂ 2ರ ವೇಗವೂ ಅಷ್ಟೇ ಆಗಿತ್ತು. ಹೀಗೆ ಗೊತ್ತುಪಡಿಸಿದ ವೇಗವನ್ನು ಮೀರಿ ಓಡಿಸುವುದೇ ಓವರ್‌ಕ್ಲಾಕಿಂಗ್.

ಇದು ಹೇಗೆ ಸಾಧ್ಯವಾಯಿತು? ತಯಾರಕರು ಚಿಪ್ಪಿನ ಮೇಲೆ ಬರೆಯುವ ವೇಗ ಅದರ ಕೊನೆಯ ಮಿತಿಯಲ್ಲ. ಬಿಸಿ ಹೆಚ್ಚಿದಾಗಲೂ, ವರ್ಷಗಟ್ಟಲೆ ದುಡಿದ ಮೇಲೂ ಲೆಕ್ಕ ತಪ್ಪಬಾರದೆಂದು ಸ್ವಲ್ಪ ಅಂತರವನ್ನು ಉಳಿಸಿರುತ್ತಾರೆ. ಓವರ್‌ಕ್ಲಾಕ್ ಮಾಡುವವನು ಖರ್ಚು ಮಾಡುವುದು ಆ ಉಳಿತಾಯವನ್ನು. ಅದು ಪುಕ್ಕಟೆ ಬಂದ ವೇಗವಲ್ಲ ಎಂಬುದನ್ನು ಮರೆಯಬಾರದು.

ಮೊದಲನೆಯ ಖರ್ಚು ಶಾಖ. ಚಿಪ್ಪು ನುಂಗುವ ವಿದ್ಯುತ್ತು ವೇಗಕ್ಕೆ ಅನುಪಾತವಾಗಿಯೂ ವೋಲ್ಟೇಜಿನ ವರ್ಗಕ್ಕೆ ಅನುಪಾತವಾಗಿಯೂ ಏರುತ್ತದೆ. ವೇಗ ಒಂದೂವರೆ ಪಟ್ಟು ಮಾಡಿ, ಅದು ತಡೆದುಕೊಳ್ಳಲೆಂದು 2 ವೋಲ್ಟನ್ನು 2.2 ಮಾಡಿದಿರೆನ್ನಿ. 1.5ನ್ನು 1.21ರಿಂದ ಗುಣಿಸಿ ನೋಡಿ: ಶಾಖ ಸುಮಾರು 1.8 ಪಟ್ಟಾಯಿತು. ಇನ್ನು ಫ್ಯಾನು ಎಷ್ಟು ಬೀಸಿದರೂ ಚಿಪ್ಪನ್ನು ಕೋಣೆಯ ಗಾಳಿಗಿಂತ ತಂಪಾಗಿಸಲಾರದು. ಕೋಣೆಗಿಂತ 35 ಡಿಗ್ರಿ ಹೆಚ್ಚು ಬಿಸಿಯಾಗುವ ಚಿಪ್ಪು 25 ಡಿಗ್ರಿಯ ಕೋಣೆಯಲ್ಲಿ 60ರಲ್ಲಿರುತ್ತದೆ. ಮೇ ತಿಂಗಳ ಮಧ್ಯಾಹ್ನ, 42 ಡಿಗ್ರಿಯಲ್ಲಿ ಅದೇ ಚಿಪ್ಪು 77ಕ್ಕೆ ಏರುತ್ತದೆ. ಅಂದರೆ ತಯಾರಕರು ಉಳಿಸಿಟ್ಟ ಅಂತರವನ್ನು ನಮ್ಮ ಬಿಸಿಲೇ ಆಗಲೇ ಬಳಸಿಕೊಂಡಿರುತ್ತದೆ. ಬೇರೆ ದೇಶದ ತಂಪು ಕೋಣೆಯಲ್ಲಿ ಯಶಸ್ವಿಯಾದ ಪ್ರಯೋಗ ಅಫಜಲಪುರದಲ್ಲಿ ಸೋಲಬಹುದು. ತಪ್ಪು ಹುಡುಗನದಲ್ಲ, ಕಾರಣ ಭೌತಶಾಸ್ತ್ರದ್ದು.

ಎರಡನೆಯದು ಜೊತೆಗಾರರ ಕಷ್ಟ. ಆ ಕಾಲದ ಯಂತ್ರಗಳಲ್ಲಿ ಬಸ್ಸಿನ ತಾಳವನ್ನೇ ಭಾಗಿಸಿ ಪಿಸಿಐ ಕಾರ್ಡುಗಳಿಗೆ ಮತ್ತು ಹಾರ್ಡ್ ಡಿಸ್ಕಿನ ನಿಯಂತ್ರಕಕ್ಕೆ 33 ಮೆಗಾಹರ್ಟ್ಸ್ ಕೊಡುತ್ತಿದ್ದರು. 66ನ್ನು ಎರಡರಿಂದ ಭಾಗಿಸಿದರೆ 33; 100ನ್ನು ಮೂರರಿಂದ ಭಾಗಿಸಿದರೂ 33. ಆದರೆ ನಡುವಿನ 83ನ್ನು ಎರಡರಿಂದ ಭಾಗಿಸಿದರೆ ನಲವತ್ತೊಂದೂವರೆ! ಆದ್ದರಿಂದ 100ರಲ್ಲಿ ಸುಖವಾಗಿ ಓಡಿದ ಯಂತ್ರ 83ರಲ್ಲಿ ಡಿಸ್ಕಿನ ಮೇಲಿನ ಬರಹವನ್ನು ಕೆಡಿಸುವುದುಂಟು. 'ಸ್ವಲ್ಪ ಏರಿಸಿದರೆ ಸ್ವಲ್ಪವೇ ಅಪಾಯ' ಎಂಬ ಊಹೆ ಇಲ್ಲಿ ಸುಳ್ಳಾಗುತ್ತದೆ.

ಎಲ್ಲಕ್ಕಿಂತ ದೊಡ್ಡ ಅಪಾಯ ಸದ್ದಿಲ್ಲದ ತಪ್ಪು. ಯಂತ್ರ ನಿಂತುಹೋದರೆ ನಿಮಗೆ ತಿಳಿಯುತ್ತದೆ. ಓಡುತ್ತಲೇ ಒಂದು ಅಂಕಿಯನ್ನು ತಪ್ಪಿಸಿದರೆ ತಿಳಿಯುವುದಿಲ್ಲ. ಆ ಅಂಕಿ ಆಟದ ಚಿತ್ರದ ಒಂದು ಚುಕ್ಕೆಯಾದರೆ ಚಿಂತೆಯಿಲ್ಲ. ನಿಮ್ಮ ಪ್ರಾಜೆಕ್ಟಿನ ಲೆಕ್ಕವೋ, ತಂದೆಯವರ ಅಂಗಡಿಯ ಖಾತೆಯೋ ಆದರೆ? ಇದಕ್ಕಾಗಿಯೇ ಬಲ್ಲವರು ಉತ್ತರ ಮೊದಲೇ ಗೊತ್ತಿರುವ ದೊಡ್ಡ ಲೆಕ್ಕಗಳನ್ನು ಗಂಟೆಗಟ್ಟಲೆ ಮಾಡಿಸಿ ಪರೀಕ್ಷಿಸುತ್ತಾರೆ. ಅವಿಭಾಜ್ಯ ಸಂಖ್ಯೆಗಳನ್ನು ಹುಡುಕುವ 'ಪ್ರೈಮ್95' ಎಂಬ ತಂತ್ರಾಂಶ ಈ ಕೆಲಸಕ್ಕೆ ಹೆಸರಾಗಿದೆ.

ಈಗ ಆ ಹಳೆಯ ಬಸ್ಸು ಇಲ್ಲ. 2003ರ ಅಥ್ಲಾನ್ 64 ಮತ್ತು 2008ರ ಕೋರ್ ಐ7 ಬಂದಾಗ ಮೆಮೊರಿಯ ನಿಯಂತ್ರಕ ಪ್ರೊಸೆಸರಿನೊಳಗೇ ಸೇರಿತು. ತಾಳ ಮಾತ್ರ ಉಳಿದಿದೆ: ಇಂದಿನ ಅನೇಕ ಯಂತ್ರಗಳಲ್ಲಿ ಮೂಲ ತಾಳ 100 ಮೆಗಾಹರ್ಟ್ಸ್, ಗುಣಕ 45 ಆದರೆ ವೇಗ 4500. ಹೊಸ ಪ್ರೊಸೆಸರುಗಳು ತಂಪಿದ್ದಾಗ ತಾವೇ ವೇಗ ಏರಿಸಿಕೊಳ್ಳುತ್ತವೆ, ಬಿಸಿಯಾದಾಗ ತಾವೇ ಇಳಿಸಿಕೊಳ್ಳುತ್ತವೆ.

ಈ ಕೊನೆಯ ಮಾತಿನಲ್ಲಿ ನಿಮಗೊಂದು ಉಪಾಯವಿದೆ. ತೊಗರಿ ರಾಶಿಯ ಕಾಲದ ಧೂಳು ಕಿಟಕಿಯಿಂದ ಬಂದು ಪ್ರೊಸೆಸರಿನ ಮೇಲಿನ ಲೋಹದ ರೆಕ್ಕೆಗಳ ನಡುವೆ ಕುಳಿತಿರುತ್ತದೆ. ಯಂತ್ರವನ್ನು ಆರಿಸಿ, ವಿದ್ಯುತ್ ತಂತಿ ಕಿತ್ತು, ಮೆತ್ತನೆಯ ಬ್ರಷ್ಷಿನಿಂದ ಅದನ್ನು ತೆಗೆಯಿರಿ. ಮೊದಲು ಮತ್ತು ಆಮೇಲೆ ಉಷ್ಣತೆ ಎಷ್ಟು, ವೇಗ ಎಷ್ಟು ಎಂದು ನೋಟುಬುಕ್ಕಿನಲ್ಲಿ ಬರೆದುಕೊಳ್ಳಿ. ಬಿಸಿಗೆ ಅಂಜಿ ಕುಂಟುತ್ತಿದ್ದ ಯಂತ್ರಕ್ಕೆ ತನ್ನದೇ ವೇಗ ಮರಳಿ ಬಂದೀತು. ಅದಕ್ಕೂ ಮೀರಿ ಪ್ರಯೋಗ ಮಾಡುವ ಆಸೆಯಿದ್ದರೆ ಬೇರೆ ಕೆಲಸಕ್ಕಿಲ್ಲದ ಹಳೆಯ ಯಂತ್ರವನ್ನು ಹಿಡಿಯಿರಿ. ಒಂದು ಬಾರಿಗೆ ಒಂದೇ ಬದಲಾವಣೆ ಮಾಡಿ, ಅಳೆಯಿರಿ, ಬರೆದಿಡಿ.

ತಾಳ ಏರಿಸುವುದು ಸುಲಭ. ಮೇಳದವರೆಲ್ಲ ತಪ್ಪದೆ ಹಾಡಿದರೆ ಮಾತ್ರ ಅದು ಭಜನೆ.