ಕಂಕುಳಲ್ಲಿ ಕೂಸು, ಕಾಲಡಿಯಲ್ಲಿ ಕಡಲು



ದೀಪಾವಳಿ ಮುಗಿದು ಚಳಿಗಾಲದ ರಜೆ ಹತ್ತಿರವಾಗುತ್ತಿದ್ದಂತೆ ಮನೆಮನೆಯಲ್ಲೂ ಒಂದೇ ಮಾತು: ಈ ಸಲ ಎಲ್ಲಿಗೆ? ಮನೆಯಲ್ಲಿ ಎರಡೂವರೆ ವರ್ಷದ್ದೊಂದು, ವರ್ಷ ತುಂಬದ್ದೊಂದು ಇದ್ದರಂತೂ ಈ ಪ್ರಶ್ನೆಗೆ ಉತ್ತರವೇ ಸಿಗುವುದಿಲ್ಲ. ಊರಿಗೆ ಹೋಗೋಣವೆಂದರೆ ರೈಲಿನ ಟಿಕೆಟ್ ವೇಟಿಂಗ್ ಲಿಸ್ಟಿನಲ್ಲಿದೆ. ಕಾರಿನಲ್ಲಿ ಹೊರಟರೆ ಘಾಟಿಯ ತಿರುವಿನಲ್ಲಿ ದೊಡ್ಡದು ವಾಂತಿ ಮಾಡುತ್ತದೆ, ಚಿಕ್ಕದು ಹಟ ಹಿಡಿಯುತ್ತದೆ. ಆಗ ಪಕ್ಕದ ಮನೆಯವರು ಹೇಳುತ್ತಾರೆ: ಕ್ರೂಸ್‌ಗೆ ಹೋಗಿಬನ್ನಿ, ಹತ್ತಿ ಕುಳಿತರೆ ಆಯಿತು, ಊಟ ತಿಂಡಿ ಎಲ್ಲ ಅಲ್ಲೇ.

ಮಾತು ಸುಳ್ಳಲ್ಲ. ಆದರೆ ಪೂರ್ತಿ ನಿಜವೂ ಅಲ್ಲ. ಇಂದಿನ ಮಾತುಕತೆ ಅದರ ಬಗ್ಗೆಯೇ.

ಕರಾವಳಿಯಿಂದ ಮುಂಬಯಿಗೆ ಬಂದ ನಮ್ಮ ಹಿರಿಯರಿಗೆ ಹಡಗು ಹೊಸದಲ್ಲ. ಮಂಗಳೂರು, ಕಾರವಾರದ ಕಡೆಯಿಂದ ಆಗಬೋಟು ಹತ್ತಿ ಬಂದು ಇಲ್ಲಿ ಹೋಟೆಲಿನಲ್ಲಿ ದುಡಿಯುತ್ತಾ ರಾತ್ರಿ ಶಾಲೆಯಲ್ಲಿ ಕಲಿತವರು ಎಷ್ಟೋ ಮಂದಿ. ಅವರಿಗೆ ಹಡಗೆಂದರೆ ಹೊಟ್ಟೆಪಾಡು. ಇಂದು ಅವರ ಮೊಮ್ಮಕ್ಕಳಿಗೆ ಅದೇ ಹಡಗು ರಜೆ. ಮುಂಬಯಿಯಿಂದ 2018ರಲ್ಲಿ ಆಂಗ್ರಿಯಾ, 2019ರಲ್ಲಿ ಕರ್ಣಿಕಾ ಎಂಬ ಹಡಗುಗಳು ಹೊರಟು, ಹೆಚ್ಚು ಕಾಲ ನಡೆಯದೆ ನಿಂತವು. 2021ರಿಂದ ಕಾರ್ಡೀಲಿಯಾ ಕಂಪನಿಯ ಎಂಪ್ರೆಸ್ ಹಡಗು ಗೋವಾ, ಕೊಚ್ಚಿ, ಲಕ್ಷದ್ವೀಪದ ಕಡೆ ಯಾನ ಆರಂಭಿಸಿತು. 1990ರಲ್ಲಿ ಬೇರೆ ಹೆಸರಿನಲ್ಲಿ ಅಮೆರಿಕದ ಕಡೆ ಓಡಾಡಲು ತೊಡಗಿದ್ದ ಹಡಗೇ ಅದು. ಬಲ್ಲಾರ್ಡ್ ಪಿಯರ್‌ನಲ್ಲಿ 2025ರ ಸೆಪ್ಟೆಂಬರ್‌ನಲ್ಲಿ ಹೊಸ ಕ್ರೂಸ್ ಟರ್ಮಿನಲ್ ಕೂಡ ಉದ್ಘಾಟನೆಯಾಯಿತು. ಹಾಗಾಗಿ ಮಧ್ಯಮ ವರ್ಗದ ಸಂಸಾರಕ್ಕೂ ಇದು ಕೈಗೆಟುಕುವ ದೂರದಲ್ಲಿದೆ.

ಮೊದಲ ಪ್ರಶ್ನೆ ವಯಸ್ಸಿನದು. ಹೆಚ್ಚಿನ ಕ್ರೂಸ್ ಕಂಪನಿಗಳು ಆರು ತಿಂಗಳು ತುಂಬದ ಶಿಶುವನ್ನು ಹತ್ತಿಸಿಕೊಳ್ಳುವುದಿಲ್ಲ. ಮಹಾಸಾಗರ ದಾಟುವ ದೀರ್ಘ ಯಾನಕ್ಕೆ ಒಂದು ವರ್ಷ ತುಂಬಿರಬೇಕು ಎನ್ನುವವರೂ ಇದ್ದಾರೆ. ನಾನು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಒಂಬತ್ತು ತಿಂಗಳ ತನಕ ಕಾಯಿರಿ ಎನ್ನುತ್ತೇನೆ. ನಮ್ಮ ದೇಶದಲ್ಲಿ ದಡಾರದ ಮೊದಲ ಲಸಿಕೆ ಹಾಕುವುದು ಒಂಬತ್ತು ತಿಂಗಳಿಗೆ. ಸಾವಿರಾರು ಜನ ಒಂದೇ ಊಟದ ಹಾಲ್, ಒಂದೇ ಲಿಫ್ಟ್ ಬಳಸುವ ಕಡೆ ಆ ರಕ್ಷಣೆ ಇರಲಿ. ಲಸಿಕೆ ಹಾಕಿಸಿದ ಮರುದಿನವೇ ಹೊರಡಬೇಡಿ, ಜ್ವರ ಬರಬಹುದು. ದಿನ ತುಂಬುವ ಮೊದಲೇ ಹುಟ್ಟಿದ ಮಗು, ಉಸಿರಾಟದ ತೊಂದರೆ ಇರುವ ಮಗು ಆದರೆ ಟಿಕೆಟ್ ತೆಗೆಯುವ ಮೊದಲು ನಿಮ್ಮ ಮಕ್ಕಳ ಡಾಕ್ಟರನ್ನು ಕೇಳಿ.

ಯಾಕೆ ಇಷ್ಟು ಎಚ್ಚರ ಎನ್ನುತ್ತೀರಾ? ಹಡಗಿನಲ್ಲಿ ಡಾಕ್ಟರ್, ನರ್ಸ್ ಇರುತ್ತಾರೆ, ಸಣ್ಣ ಚಿಕಿತ್ಸಾಲಯವೂ ಇರುತ್ತದೆ. ಆದರೆ ಅವರು ಮಕ್ಕಳ ತಜ್ಞರಾಗಿರುತ್ತಾರೆ ಎಂಬ ಖಾತ್ರಿ ಇಲ್ಲ. ಮನೆಯಲ್ಲಿ ರಾತ್ರಿ ಎರಡು ಗಂಟೆಗೆ ಮಗುವಿಗೆ ಭೇದಿ ಜಾಸ್ತಿಯಾದರೆ ರಿಕ್ಷಾ ಹಿಡಿದು ಆಸ್ಪತ್ರೆಗೆ ಓಡಬಹುದು. ನಡುಗಡಲಿನಲ್ಲಿ ಮುಂದಿನ ಬಂದರು ಬರುವ ತನಕ ಹಡಗಿನಲ್ಲಿ ಇದ್ದಷ್ಟೇ ಉಪಚಾರ. ಆದ್ದರಿಂದ ನಿಮ್ಮ ಮೊದಲ ಕ್ರೂಸ್ ಎರಡು ಅಥವಾ ಮೂರು ರಾತ್ರಿಯದಾಗಿರಲಿ. ಹೊರಡುವ ದಿನ ಮಗುವಿಗೆ ಜ್ವರವೋ ಭೇದಿಯೋ ಇದ್ದರೆ, ದುಡ್ಡು ಹೋದರೂ ಹೋಗಲಿ, ಹತ್ತಬೇಡಿ.

ಇನ್ನು ಕಾಲ. ನೂಲ ಹುಣ್ಣಿಮೆಗೆ ಕಡಲಿಗೆ ತೆಂಗಿನಕಾಯಿ ಅರ್ಪಿಸಿದ ಮೇಲೆಯೇ ದೋಣಿ ಇಳಿಸುವುದು ನಮ್ಮ ಮೊಗವೀರರ ಪದ್ಧತಿ, ಇಲ್ಲಿಯ ಕೋಳಿಯವರ ಪದ್ಧತಿಯೂ ಹೌದು. ಅದರಲ್ಲಿ ಅನುಭವದ ತಿಳಿವಳಿಕೆ ಇದೆ. ಮಳೆಗಾಲದಲ್ಲಿ ಅರಬ್ಬೀ ಸಮುದ್ರದ ಸಹವಾಸ ಬೇಡ. ನವೆಂಬರ್‌ನಿಂದ ಫೆಬ್ರವರಿ ತನಕ ಕಡಲು ಹೆಚ್ಚಾಗಿ ಶಾಂತವಾಗಿರುತ್ತದೆ, ಸೆಕೆಯೂ ಕಡಿಮೆ.

ಹಡಗು ತೂಗಾಡಿದರೆ ಕೂಸಿಗೆ ಏನಾಗುತ್ತದೋ ಎಂಬುದು ಅಜ್ಜಿಯಂದಿರ ಚಿಂತೆ. ಎರಡು ವರ್ಷದೊಳಗಿನ ಶಿಶುಗಳಿಗೆ ಪ್ರಯಾಣದ ವಾಂತಿ ಅಪರೂಪ. ಅದು ಕಾಡುವುದು ಹೆಚ್ಚಾಗಿ ಎರಡರಿಂದ ಹನ್ನೆರಡು ವರ್ಷದವರನ್ನು. ಅಂದರೆ ಮಡಿಲಲ್ಲಿರುವ ಕೂಸಿಗಿಂತ ಕೈ ಹಿಡಿದು ನಡೆಯುವ ಮಗುವನ್ನು ಹೆಚ್ಚು ಗಮನಿಸಬೇಕು. ದೊಡ್ಡವರ ವಾಂತಿ ಮಾತ್ರೆಯನ್ನು ಅರ್ಧ ಮುರಿದು ಕೊಡುವ ಅಭ್ಯಾಸ ಬೇಡವೇ ಬೇಡ. ಕೆಲವು ಮಾತ್ರೆಗಳು ಎರಡು ವರ್ಷದೊಳಗಿನವರ ಉಸಿರಾಟಕ್ಕೇ ತೊಂದರೆ ಮಾಡಬಲ್ಲವು. ಔಷಧಿಯ ಪ್ರಮಾಣವನ್ನು ಡಾಕ್ಟರಿಂದ ಬರೆಸಿಕೊಳ್ಳಿ. ಕೋಣೆ ಆರಿಸುವಾಗ ಹಡಗಿನ ನಟ್ಟನಡುವಿನ, ಕೆಳಗಿನ ಅಂತಸ್ತಿನ ಕೋಣೆ ಕೇಳಿ. ಅಲ್ಲಿ ತೂಗಾಟ ಕಡಿಮೆ. ಮೇಲೆ ನೃತ್ಯದ ಹಾಲ್ ಇಲ್ಲವಷ್ಟೇ ಎಂದು ನಕ್ಷೆಯಲ್ಲಿ ನೋಡಿಕೊಳ್ಳಿ.

ಕೋಣೆ ಎಂದೆ. ಜಾಹೀರಾತಿನ ಚಿತ್ರ ನೋಡಿ ದೊಡ್ಡ ಹಜಾರ ಕಲ್ಪಿಸಿಕೊಳ್ಳಬೇಡಿ. ಸಾಮಾನ್ಯ ಒಳಕೋಣೆ ಸುಮಾರು 120ರಿಂದ 150 ಚದರ ಅಡಿ, ಅಂದರೆ ನಮ್ಮ ಚಾಳಿನ ಒಂದು ಖೋಲಿಯಷ್ಟು. ಅದರಲ್ಲಿ ಮಂಚ, ಬಚ್ಚಲು, ಬೀರು, ನೀವು ನಾಲ್ವರು. ಮಗುವಿನ ತೊಟ್ಟಿಲು ಬೇಕಾದರೆ ಬುಕ್ ಮಾಡುವಾಗಲೇ ಹೇಳಿ. ಗೋಡೆಗೆ ಜೋಡಿಸಿದ ಮೇಲಿನ ಬರ್ತ್‌ನಲ್ಲಿ ಎಳೆಯ ಮಕ್ಕಳನ್ನು ಮಲಗಿಸಬೇಡಿ. ಬಾಲ್ಕನಿ ಇರುವ ಕೋಣೆಯಾದರೆ ಕುರ್ಚಿಯನ್ನು ಕಂಬಿಯ ಹತ್ತಿರ ಇಡಬೇಡಿ, ಬಾಗಿಲಿಗೆ ಯಾವಾಗಲೂ ಚಿಲಕ ಹಾಕಿ. ಹಡಗಿನ ಬಾಗಿಲುಗಳು ಭಾರ, ಬಿಟ್ಟ ಕೂಡಲೇ ಬಡಿದುಕೊಳ್ಳುತ್ತವೆ. ಪುಟ್ಟ ಬೆರಳುಗಳ ಬಗ್ಗೆ ಎಚ್ಚರ.

ಕಾಲು ನೀಡಿ ಕುಳಿತು, ಕೂಸನ್ನು ಮೊಣಕಾಲ ಮೇಲೆ ಮಲಗಿಸಿ ಎಣ್ಣೆನೀರು ಹಾಕುವಷ್ಟು ಜಾಗ ಆ ಬಚ್ಚಲಿನಲ್ಲಿ ಇಲ್ಲ. ಎರಡು ದಿನ ಒದ್ದೆಬಟ್ಟೆಯಲ್ಲಿ ಮೈ ಒರೆಸಿದರೆ ಸಾಕು. ಅಲ್ಲಿಯ ಕಮೋಡ್ ಗಾಳಿಯ ಒತ್ತಡದಿಂದ ಎಳೆಯುವಂಥದ್ದು. ದೊಡ್ಡ ಸದ್ದು ಮಾಡುತ್ತದೆ, ಮಗು ಬೆಚ್ಚಿಬೀಳಬಹುದು. ಅದರೊಳಗೆ ಡೈಪರ್, ಒರೆಸುವ ಕಾಗದ ಹಾಕಿದರೆ ಅಕ್ಕಪಕ್ಕದ ಕೋಣೆಗಳದ್ದೂ ಕಟ್ಟಿಕೊಳ್ಳುತ್ತದೆ.

ಈಗ ಊಟದ ವಿಷಯ. ಕೋಣೆಯಲ್ಲಿ ಕಾಯಿಸುವ ಕಾಯಿಲ್, ಕೆಟಲ್, ರೈಸ್ ಕುಕ್ಕರ್ ಯಾವುದಕ್ಕೂ ಸಾಮಾನ್ಯವಾಗಿ ಅನುಮತಿ ಇಲ್ಲ. ಬೆಂಕಿಯ ಭಯ. ಹೊರಗಿನ ಅಡುಗೆ ತರಬಾರದೆಂದರೂ ಶಿಶುವಿನ ಆಹಾರಕ್ಕೆ ವಿನಾಯಿತಿ ಇರುತ್ತದೆ, ಮೊದಲೇ ಕೇಳಿಕೊಳ್ಳಿ. ಬಿಸಿನೀರಿನಲ್ಲಿ ಕಲಸಿದರೆ ಸಾಕಾಗುವ ಹುರಿಹಿಟ್ಟು ಕಟ್ಟಿಕೊಂಡರೆ ಕೂಸಿನ ಅರ್ಧ ಚಿಂತೆ ಮುಗಿಯಿತು. ಅನ್ನ, ಬೇಳೆ, ಮೊಸರು, ಬಾಳೆಹಣ್ಣು ನಮ್ಮ ಕಡೆಯ ಹಡಗುಗಳಲ್ಲಿ ಸಿಗುತ್ತವೆ. ಖಾರ ಹಾಕುವ ಮೊದಲು ಸ್ವಲ್ಪ ತೆಗೆದಿಡಿ ಎಂದು ಅಡುಗೆಯವರಿಗೆ ಮೊದಲ ದಿನವೇ ಹೇಳಿ. ಎದೆಹಾಲು ಕುಡಿಯುವ ಮಗುವಾದರೆ ಅದಕ್ಕಿಂತ ಸುರಕ್ಷಿತವಾದದ್ದು ಬೇರೊಂದಿಲ್ಲ. ಪುಡಿಹಾಲಾದರೆ ಕುದಿಸಿದ, ಕನಿಷ್ಠ 70 ಡಿಗ್ರಿ ಬಿಸಿ ಇರುವ ನೀರಿನಲ್ಲೇ ಕಲಸಿ, ಆರಿಸಿ ಕುಡಿಸಿ. ಎರಡು ಗಂಟೆಯೊಳಗೆ ಮುಗಿಯದ್ದನ್ನು ಚೆಲ್ಲಿ.

ಹಡಗಿನಲ್ಲಿ ಹರಡುವ ವಾಂತಿಭೇದಿಗೆ ಹೆಚ್ಚಾಗಿ ನೊರೊವೈರಸ್ ಕಾರಣ. ಬಾಗಿಲಲ್ಲಿ ಇಟ್ಟಿರುವ ಸ್ಯಾನಿಟೈಸರ್ ಅದರ ಮೇಲೆ ಅಷ್ಟಾಗಿ ಕೆಲಸ ಮಾಡುವುದಿಲ್ಲ. ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ಕೈ ತೊಳೆಯುವುದೇ ಉಪಾಯ. ಓಆರ್‌ಎಸ್ ಪೊಟ್ಟಣ ನಿಮ್ಮ ಚೀಲದಲ್ಲಿರಲಿ. ಎಷ್ಟು ನೀರಿಗೆ ಎಂಬುದನ್ನು ಪೊಟ್ಟಣದ ಮೇಲೆ ಓದಿಯೇ ಕಲಸಿ.

ಚೀಲ ಎಂದಾಗ ನೆನಪಾಯಿತು. ದೊಡ್ಡ ಪೆಟ್ಟಿಗೆಗಳನ್ನು ಟರ್ಮಿನಲ್‌ನಲ್ಲೇ ತೆಗೆದುಕೊಳ್ಳುತ್ತಾರೆ. ಅವು ಕೋಣೆಗೆ ಬರುವಾಗ ಕೆಲವು ಗಂಟೆ ಕಳೆದಿರಬಹುದು. ಆದ್ದರಿಂದ ಅರ್ಧ ದಿನಕ್ಕೆ ಬೇಕಾದ ಡೈಪರ್, ಆಹಾರ, ಔಷಧಿ, ಎರಡು ಜೊತೆ ಬಟ್ಟೆ ನಿಮ್ಮ ಕೈಯಲ್ಲೇ ಇರಲಿ. ಎರಡು ಮಕ್ಕಳಿಗೆ ಮೂರು ದಿನಕ್ಕೆ ನಲವತ್ತೈದು ಡೈಪರ್ ಲೆಕ್ಕ ಹಾಕಿ. ಹಡಗಿನ ಅಂಗಡಿಯಲ್ಲಿ ಸುಗಂಧ ಸಿಕ್ಕೀತು, ಡೈಪರ್ ಸಿಗುತ್ತದೆಂದು ನಂಬಬೇಡಿ. ದೊಡ್ಡವರ ಗುರುತಿನ ಚೀಟಿಯ ಜೊತೆಗೆ ಮಕ್ಕಳ ಜನನ ಪ್ರಮಾಣಪತ್ರ ಬೇಕು. ಶ್ರೀಲಂಕಾದಂಥ ಹೊರದೇಶವಾದರೆ ಕೂಸಿಗೂ ಅದರದ್ದೇ ಪಾಸ್‌ಪೋರ್ಟ್ ಬೇಕು. ಲಕ್ಷದ್ವೀಪಕ್ಕೆ ಪ್ರವೇಶದ ಪರವಾನಗಿ ಬೇಕು. ಅಲ್ಲಿ ದೊಡ್ಡ ಹಡಗು ದೂರದಲ್ಲೇ ಲಂಗರು ಹಾಕುತ್ತದೆ, ಸಣ್ಣ ದೋಣಿಗೆ ಇಳಿದು ದಡ ಸೇರಬೇಕು. ಎರಡು ಎಳೆಯ ಮಕ್ಕಳಿದ್ದರೆ ದಡಕ್ಕೆ ನೇರವಾಗಿ ತಾಗುವ ಗೋವಾ ಯಾನವೇ ಸುಲಭ.

ಹಡಗು ಹೊರಡುವಾಗ ಸುರಕ್ಷತೆಯ ಕವಾಯತು ಇರುತ್ತದೆ. ಮಸ್ಟರ್ ಡ್ರಿಲ್ ಎನ್ನುತ್ತಾರೆ. ಮಗು ಮಲಗಿದೆ ಎಂದು ಅದನ್ನು ತಪ್ಪಿಸಬೇಡಿ. 2012ರ ಜನವರಿಯಲ್ಲಿ ಇಟಲಿಯ ತೀರದಲ್ಲಿ ಕೋಸ್ಟಾ ಕಾಂಕಾರ್ಡಿಯಾ ಎಂಬ ಹಡಗು ಬಂಡೆಗೆ ಬಡಿದು 32 ಜನ ಸತ್ತರು. ಆ ಸಂಜೆಯಷ್ಟೇ ಹತ್ತಿದ್ದ ನೂರಾರು ಪ್ರಯಾಣಿಕರಿಗೆ ಕವಾಯತು ಇನ್ನೂ ಆಗಿರಲಿಲ್ಲ. ಅದಾದ ಮೇಲೆ, ಹೊರಡುವ ಮೊದಲು ಅಥವಾ ಹೊರಟ ಕೂಡಲೇ ಕವಾಯತು ನಡೆಯಬೇಕೆಂಬ ಅಂತರರಾಷ್ಟ್ರೀಯ ನಿಯಮ 2015ರಿಂದ ಜಾರಿಗೆ ಬಂತು. ಅದೇ ಅಂತರರಾಷ್ಟ್ರೀಯ ನಿಯಮಗಳ ಪ್ರಕಾರ 24 ಗಂಟೆ ಅಥವಾ ಹೆಚ್ಚಿನ ಯಾನದಲ್ಲಿ ಹಡಗಿನಲ್ಲಿರುವ ಪ್ರತಿ ಶಿಶುವಿಗೂ ಶಿಶುವಿನ ಅಳತೆಯ ಲೈಫ್ ಜಾಕೆಟ್ ಇರಬೇಕು. ಕೋಣೆಗೆ ಹೋದ ಕೂಡಲೇ ಅದನ್ನು ಕೇಳಿ ಪಡೆಯಿರಿ, ಒಮ್ಮೆ ತೊಡಿಸಿ ನೋಡಿ. ಅಪಾಯದ ವೇಳೆ ಲಿಫ್ಟ್ ಬಳಸುವಂತಿಲ್ಲ, ತಳ್ಳುಗಾಡಿ ಪ್ರಯೋಜನಕ್ಕೆ ಬಾರದು. ಕೂಸನ್ನು ಎದೆಗೆ ಕಟ್ಟಿಕೊಳ್ಳುವ ಚೀಲ ಹತ್ತಿರದಲ್ಲೇ ಇರಲಿ. ಇಬ್ಬರಲ್ಲಿ ಯಾರು ಯಾವ ಮಗುವನ್ನು ಎತ್ತಿಕೊಳ್ಳುವುದು ಎಂಬುದು ಮೊದಲ ದಿನವೇ ನಿಶ್ಚಯವಾಗಲಿ.

ನಡುಗಡಲಲ್ಲಿ ಮೊಬೈಲ್ ಸಿಗ್ನಲ್ ಇಲ್ಲ. 'ಎಲ್ಲಿದ್ದೀರಿ?' ಎಂದು ಫೋನು ಮಾಡಲಾಗದು. ಒಂದು ಭೇಟಿಯ ಜಾಗ ಗೊತ್ತುಮಾಡಿಕೊಳ್ಳಿ. ಮಕ್ಕಳ ಕೈಗೆ ಹಡಗಿನವರು ಕೊಡುವ ಪಟ್ಟಿ ಬಿಚ್ಚಬೇಡಿ.

ಜಾಹೀರಾತಿನಲ್ಲಿ ಕಾಣುವ ಮಕ್ಕಳ ಆಟದ ಕೋಣೆಗೆ ಸಾಮಾನ್ಯವಾಗಿ ಮೂರು ವರ್ಷ ತುಂಬಿ, ಡೈಪರ್ ಬಿಟ್ಟಿರಬೇಕು. ಈಜುಕೊಳಕ್ಕೂ ಡೈಪರ್ ಹಾಕಿದ ಮಕ್ಕಳನ್ನು ಇಳಿಸುವಂತಿಲ್ಲ. ಅಂದರೆ ನಿಮ್ಮ ಎರಡೂ ಮಕ್ಕಳಿಗೆ ಈ ಎರಡೂ ಇಲ್ಲ. ಇಷ್ಟಕ್ಕೆ ನಿರಾಶೆ ಬೇಡ. ಎರಡೂವರೆ ವರ್ಷದ ಮಗುವಿಗೆ ಉದ್ದದ ಮೊಗಸಾಲೆಯಲ್ಲಿ ಓಡುವುದು, ಹಡಗಿನ ಹಿಂದೆ ಏಳುವ ಬಿಳಿ ನೊರೆ ನೋಡುವುದು, ಲಿಫ್ಟಿನ ಗುಂಡಿ ಒತ್ತುವುದೇ ಹಬ್ಬ.

ಹಾಗಾದರೆ ಈ ರಜೆ ಯಾರಿಗೆ? ಬಂಧುಗಳೇ, ನಾನು ಹೇಳಬೇಕೆಂದಿದ್ದ ಮಾತು ಇದು. ಕೂಸಿಗೆ ಗೋವಾ ನೆನಪಿರುವುದಿಲ್ಲ, ದೊಡ್ಡದಕ್ಕೂ ಹೆಚ್ಚು ನೆನಪಿರದು. ಹಡಗು ನಿಜವಾಗಿ ಕೊಡಬಲ್ಲದ್ದು ತಾಯಿಗೆ ಬಿಡುವು. ಮೂರು ದಿನ ಒಲೆ ಹಚ್ಚಬೇಕಿಲ್ಲ, ಪಾತ್ರೆ ತೊಳೆಯಬೇಕಿಲ್ಲ, ಹಾಸಿಗೆ ಮಡಚಬೇಕಿಲ್ಲ. ಹೆರಿಗೆಯಾದಂದಿನಿಂದ ಒಂದು ರಾತ್ರಿಯೂ ಪೂರ್ತಿ ನಿದ್ದೆ ಮಾಡದವಳಿಗೆ ಇದು ಸಣ್ಣ ವಿಷಯವಲ್ಲ. ಆದರೆ ರಾತ್ರಿ ಮಗು ಎದ್ದಾಗ ಅವಳೇ ಏಳಬೇಕು, ಸಂಜೆಯ ಕಾರ್ಯಕ್ರಮಕ್ಕೆ ಗಂಡ ಹೋಗಿ ಅವಳು ಕತ್ತಲ ಕೋಣೆಯಲ್ಲಿ ಎರಡು ಮಕ್ಕಳನ್ನು ಮಲಗಿಸುತ್ತಾ ಕೂರಬೇಕು ಎಂದಾದರೆ, ಅವಳಿಗೆ ಬದಲಾದದ್ದು ಮನೆಯ ಗೋಡೆ ಮಾತ್ರ. ಅದಕ್ಕೆ ಅಷ್ಟು ಸಾವಿರ ಕೊಡಬೇಕಿರಲಿಲ್ಲ.

ಅತ್ತೆಯವರನ್ನೋ ಅಮ್ಮನನ್ನೋ ಕರೆದೊಯ್ಯುವುದು ಒಳ್ಳೆಯದು. ಆದರೆ ಮಕ್ಕಳನ್ನು ಕಾಯಲೆಂದೇ ಅವರ ಟಿಕೆಟ್ ತೆಗೆದಂತಾಗಬಾರದು. ಜೀವನವಿಡೀ ಒಲೆಯ ಮುಂದೆ ನಿಂತವರಿಗೂ ಕಡಲು ನೋಡುವ ಆಸೆ ಇರುತ್ತದೆ.

ತಂದೆಯರೇ, ನಿಮಗೊಂದು ಮಾತು. ಟಿಕೆಟಿನ ಜೊತೆಗೆ ಒಂದು ಚೀಟಿಯನ್ನೂ ಬರೆಯಿರಿ. ಬೆಳಗ್ಗೆ ಆರರಿಂದ ಒಂಬತ್ತರ ತನಕ ಎರಡೂ ಮಕ್ಕಳು ನಿಮ್ಮ ಪಾಲಿಗೆ. ಒಂದು ಸಂಜೆ ನಿಮ್ಮದು, ಒಂದು ಸಂಜೆ ಅವಳದು. ರಾತ್ರಿಯ ಡೈಪರ್ ಸರದಿಯಂತೆ. ಆ ಚೀಟಿ ಬರೆಯಲು ಮನಸ್ಸಿದ್ದರೆ ಹಡಗು ಹತ್ತಿ. ಇಲ್ಲವಾದರೆ ಅದೇ ಹಣದಲ್ಲಿ ಮೂರು ತಿಂಗಳು ಮನೆಗೆಲಸಕ್ಕೆ ಒಬ್ಬರನ್ನು ಇಟ್ಟುಕೊಳ್ಳಿ. ಅವಳಿಗೆ ಅದರಿಂದಲೇ ಹೆಚ್ಚು ವಿಶ್ರಾಂತಿ ಸಿಕ್ಕೀತು.

ಕಡಲು ಎಲ್ಲಿಗೂ ಹೋಗುವುದಿಲ್ಲ, ಮಕ್ಕಳು ದೊಡ್ಡವರಾದ ಮೇಲೂ ಅಲ್ಲೇ ಇರುತ್ತದೆ. ಈ ವರ್ಷವೇ ಹೋಗುವುದಾದರೆ ಸಿದ್ಧತೆ ಮಾಡಿಕೊಂಡು, ಕೆಲಸ ಹಂಚಿಕೊಂಡು ಹೋಗಿ. ನಿಮ್ಮ ಯಾನ ಸುಖಕರವಾಗಲಿ.