ಸಂತೆಗೆ ಹೊರಟ ಹಸುವಿಗೂ ಮೇವು: ಮಾರಬೇಕಂತಿರೋ ಕಾರನ್ನು ನೋಡಿಕೊಳ್ಳೋದು ಹೇಗೆ?

ನಾನು ಸಾಫ್ಟ್‌ವೇರ್ ಇಂಜಿನಿಯರ್. ಊರು ತುಮಕೂರು ಜಿಲ್ಲೆ. ಸುರತ್ಕಲ್‌ನಲ್ಲಿ ಎಂಟೆಕ್ ಮುಗಿಸಿ 2016ರಲ್ಲಿ ಗುರುಗ್ರಾಮಕ್ಕೆ ಬಂದೆ. 'ಎರಡು ವರ್ಷ ಇದ್ದು ಬೆಂಗಳೂರಿಗೆ ವಾಪಸ್' ಅಂತ ಅಮ್ಮನಿಗೆ ಹೇಳಿ ಬಂದಿದ್ದೆ. ಆ ಎರಡು ವರ್ಷ ಇನ್ನೂ ಮುಗಿದಿಲ್ಲ.

ಇವತ್ತು ಹೇಳೋದು ಒಂದು ಕಾರಿನ ಕಥೆ. ನಾನು ಮೆಕ್ಯಾನಿಕ್ ಅಲ್ಲ. ಒಂದು ತಪ್ಪು ಮಾಡಿದೆ, ನೀವು ಮಾಡಬೇಡಿ ಅನ್ನೋದಕ್ಕೆ ಹೇಳ್ತಿದ್ದೀನಿ.

2017ರ ಮೇ ತಿಂಗಳಲ್ಲಿ ಒಂದು ಸಣ್ಣ ಡೀಸೆಲ್ ಹ್ಯಾಚ್‌ಬ್ಯಾಕ್ ತಗೊಂಡೆ. ಗುರುಗ್ರಾಮದ್ದೇ ಎಚ್‌ಆರ್-26 ನಂಬರ್, ಬಿಎಸ್-4 ಇಂಜಿನ್. ಆಗ ನನಗೆ ದೆಹಲಿ ಸುತ್ತಮುತ್ತಲ ನಿಯಮ ಸರಿಯಾಗಿ ಗೊತ್ತಿರಲಿಲ್ಲ. ಹತ್ತು ವರ್ಷ ದಾಟಿದ ಡೀಸೆಲ್ ಗಾಡಿ ಇಲ್ಲಿ ಓಡಬಾರದು ಅಂತ ಎನ್‌ಜಿಟಿ, ಅಂದ್ರೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ, 2015ರಲ್ಲೇ ಹೇಳಿತ್ತು. 2018ರಲ್ಲಿ ಸುಪ್ರೀಂ ಕೋರ್ಟ್ ಅದನ್ನ ಎತ್ತಿಹಿಡೀತು. ಅಂದ್ರೆ ನನ್ನ ಕಾರಿನ ಆಯಸ್ಸು 2027ರ ಮೇ ತಿಂಗಳಿಗೆ ಮುಗಿಯುತ್ತೆ. ಅದೇ ಕಾರು ತುಮಕೂರಿನಲ್ಲಿದ್ದಿದ್ದರೆ ಹದಿನೈದು ವರ್ಷ ಓಡ್ತಿತ್ತು.

ಮದುವೆ ಆಯ್ತು. 2024ರ ಯುಗಾದಿ ದಿನ ನಾನು ನನ್ನ ಹೆಂಡತಿ ಕೂತು ಲೆಕ್ಕ ಹಾಕಿದ್ವಿ. ಮಗು ಆಗೋ ಮುಂಚೆ ಈ ಕಾರು ಮಾರಬೇಕು. ಇದರಲ್ಲಿ ಎರಡೇ ಏರ್‌ಬ್ಯಾಗ್. ಹಿಂದಿನ ಸೀಟಿನಲ್ಲಿ ಮಗುವಿನ ಆಸನ ಕೂರಿಸೋ ಐಸೋಫಿಕ್ಸ್ ಕೊಂಡಿ ಇಲ್ಲ. ಚಳಿಗಾಲದಲ್ಲಿ ಹೊಗೆ ಜಾಸ್ತಿಯಾಗಿ ಗ್ರಾಪ್ ಮೂರನೇ ಹಂತ ಬಂತು ಅಂದ್ರೆ ಬಿಎಸ್-4 ಡೀಸೆಲ್ ಕಾರು ದೆಹಲಿಯಲ್ಲೂ ಓಡೋ ಹಾಗಿಲ್ಲ, ಗುರುಗ್ರಾಮದಲ್ಲೂ ಓಡೋ ಹಾಗಿಲ್ಲ. ರಾತ್ರಿ ಮಗುವಿಗೆ ಜ್ವರ ಬಂದ್ರೆ ಇವತ್ತು ಯಾವ ಹಂತ ಅಂತ ಮೊಬೈಲ್ ನೋಡ್ಕೊಂಡು ಕೂರೋಕಾಗುತ್ತಾ? ಹಾಗಾಗಿ ತೀರ್ಮಾನ ಸರಿಯಾಗೇ ಇತ್ತು.

ತಪ್ಪು ಆಮೇಲೆ ಆಯ್ತು. 'ಹೆಂಗೂ ಮಾರೋ ಕಾರು' ಅಂತ ಅವತ್ತಿನಿಂದ ಅದಕ್ಕೆ ದುಡ್ಡು ಹಾಕೋದು ನಿಲ್ಲಿಸಿದೆ.

2024ರ ಸೆಪ್ಟೆಂಬರ್ ಸರ್ವಿಸ್‌ನಲ್ಲಿ ಅಡ್ವೈಸರ್ ಒಂದು ಪಟ್ಟಿ ಕೊಟ್ಟ. ನಾಲ್ಕು ಟೈರ್ ಸವೆದಿದೆ, ಮುಂದಿನ ಬ್ರೇಕ್ ಪ್ಯಾಡ್ ತೆಳುವಾಗಿದೆ, ಬ್ರೇಕ್ ಆಯಿಲ್ ಬದಲಾಯಿಸಿ ಮೂರು ವರ್ಷ ಆಗಿದೆ. ನಾನು ನಕ್ಕು, "ಎರಡು ತಿಂಗಳಲ್ಲಿ ಮಾರ್ತೀನಿ, ಬರೀ ಇಂಜಿನ್ ಆಯಿಲ್ ಹಾಕಿಬಿಡಿ" ಅಂದೆ. ಬುದ್ಧಿವಂತಿಕೆ ಮಾಡಿದೆ ಅಂತ ಅನ್ನಿಸಿತ್ತು.

ಎರಡು ತಿಂಗಳು ಹದಿಮೂರು ತಿಂಗಳಾಯ್ತು. ಯಾಕೆ ಅಂತ ಹೇಳ್ತೀನಿ. ಇದನ್ನ ಅವಳ ಒಪ್ಪಿಗೆ ಕೇಳಿಯೇ ಹೇಳ್ತಿದ್ದೀನಿ. ಆ ಡಿಸೆಂಬರ್‌ನಲ್ಲಿ ಸಿಹಿಸುದ್ದಿ ಬಂತು. ಎಂಟನೇ ವಾರದಲ್ಲಿ ನಿಂತುಹೋಯ್ತು. ಅದಾದ ಮೇಲೆ ಮನೆಯಲ್ಲಿ ಕಾರಿನ ಮಾತೇ ಬರಲಿಲ್ಲ. ಯಾಕಂದ್ರೆ ನಾವು ಕಾರನ್ನ ಮಗುವಿಗೆ ಗಂಟು ಹಾಕಿಬಿಟ್ಟಿದ್ವಿ. 'ಕಾರು ಮಾರೋಣ್ವಾ?' ಅಂತ ಕೇಳಿದ್ರೆ ಇನ್ನೊಂದು ಪ್ರಶ್ನೆ ಕೇಳಿದ ಹಾಗೆ. ಅವಳೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಕಾರು ದಿನಾ ಆಫೀಸಿಗೆ ಹೋಗ್ತಾ ಬರ್ತಾ ಇತ್ತು, ಅದೇ ಟೈರ್, ಅದೇ ಬ್ರೇಕ್.

ನಮ್ಮ ಕೆಲಸದಲ್ಲಿ ಇದು ನಿಮಗೆಲ್ಲ ಗೊತ್ತಿರೋದೇ. ಒಂದು ಹಳೇ ಸಿಸ್ಟಮ್‌ನ 'ಡಿಪ್ರಿಕೇಟೆಡ್' ಅಂತ ಘೋಷಣೆ ಮಾಡ್ತೀವಿ. ಅವತ್ತಿನಿಂದ ಯಾರೂ ಪ್ಯಾಚ್ ಹಾಕಲ್ಲ. ಹೊಸದಕ್ಕೆ ಮೈಗ್ರೇಷನ್ ಮುಂದೆ ಹೋಗ್ತಾನೇ ಇರುತ್ತೆ. ಪ್ರೊಡಕ್ಷನ್ ಟ್ರಾಫಿಕ್ ಮಾತ್ರ ಪೂರ್ತಿ ಹಳೇದರ ಮೇಲೇ ಇರುತ್ತೆ. ಒಂದು ರಾತ್ರಿ ಅದು ಬೀಳುತ್ತೆ. ಆಫೀಸಲ್ಲಿ ಇದನ್ನ ಬೇರೆಯವರಿಗೆ ಪಾಠ ಮಾಡೋನು ನಾನೇ!

ನಮ್ಮ ರಾತ್ರಿ 2025ರ ಜುಲೈನಲ್ಲಿ ಬಂತು. ಗುರುಗ್ರಾಮದ ಮಳೆ ಗೊತ್ತಲ್ಲ, ಅರ್ಧ ಗಂಟೆ ಸುರಿದರೆ ರಸ್ತೆ ಕೆರೆ. ಗಾಲ್ಫ್ ಕೋರ್ಸ್ ಎಕ್ಸ್‌ಟೆನ್ಷನ್ ರಸ್ತೆಯಲ್ಲಿ ಮನೆಗೆ ಬರ್ತಿದ್ವಿ. ಸ್ಪೀಡ್ ಐವತ್ತೂ ಇರಲಿಲ್ಲ. ಮುಂದಿನ ಆಟೋ ಗಕ್ಕನೆ ನಿಂತ. ಬ್ರೇಕ್ ಒತ್ತಿದೆ. ಕಾರು ನಿಲ್ಲಲಿಲ್ಲ, ನೀರಿನ ಮೇಲೆ ದೋಣಿ ಹಾಗೆ ಜಾರಿತು. ಸ್ಟೀರಿಂಗ್ ಎಡಕ್ಕೆ ತಿರುಗಿಸಿದ್ದಕ್ಕೆ ಆಟೋಗೆ ತಾಗಲಿಲ್ಲ, ಫುಟ್‌ಪಾತ್ ಕಲ್ಲಿಗೆ ಚಕ್ರ ಹೊಡೆದು ನಿಂತಿತು. ಯಾರಿಗೂ ಏನೂ ಆಗಲಿಲ್ಲ. ಆದ್ರೆ ಅವಳಿಗೆ ಆಗ ಏಳನೇ ವಾರ. ಆ ವಿಷಯ ನಮ್ಮಿಬ್ಬರಿಗೆ ಬಿಟ್ಟು ಇನ್ಯಾರಿಗೂ ಗೊತ್ತಿರಲಿಲ್ಲ.

ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ. ಆಮೇಲೆ ಅವಳು ಹೇಳಿದ್ದು ಇಷ್ಟೇ: "ರೀ, ಮಾರೋ ಕಾರು ಅಂತ ನಂಗೂ ಗೊತ್ತು. ಆದ್ರೆ ಇವತ್ತು ಇದರಲ್ಲಿ ಕೂತಿರೋದು ನಾವೇ ಅಲ್ವಾ?"

ಮಾರನೇ ದಿನ ಅಪ್ಪನಿಗೆ ಫೋನ್ ಮಾಡಿದೆ. ಅಪ್ಪ ರೈತರು. ಸಿದ್ಧಗಂಗೆ ಜಾತ್ರೆಯಲ್ಲಿ ದನ ಮಾರಿ, ಕೊಂಡು ಅಭ್ಯಾಸ ಇರೋರು. ಎಲ್ಲಾ ಕೇಳಿಸಿಕೊಂಡು ಅಂದ್ರು: "ಜಾತ್ರೆಗೆ ಹೊಡ್ಕೊಂಡು ಹೋಗೋ ಹಸುಗೆ ಯಾವನಾದ್ರೂ ಮೇವು ನಿಲ್ಲಿಸ್ತಾನೇನೋ? ಮಾರಾಟ ಆಗೋ ತನಕ ಅದು ನಿನ್ನ ಕೊಟ್ಟಿಗೇದೇ. ಕೊಂಬಿಗೆ ಎಣ್ಣೆ ಹಚ್ಚೋದು ಆಮೇಲೆ, ಮೊದಲು ಹೊಟ್ಟೆಗೆ ಹಾಕು."

ಅಪ್ಪನ ಮಾತನ್ನೇ ಇಟ್ಕೊಂಡು ನಾನು ಖರ್ಚನ್ನ ಮೂರು ಪಟ್ಟಿ ಮಾಡಿದೆ. ನೀವೂ ಹೀಗೆ ಮಾಡಬಹುದು.

ಮೊದಲನೇದು ಪ್ರಾಣದ ಖರ್ಚು: ಟೈರ್, ಬ್ರೇಕ್, ಲೈಟು, ವೈಪರ್, ಸ್ಟೀರಿಂಗ್. ನಾಳೆ ಮಾರೋದಾದ್ರೂ ಇವತ್ತು ಮಾಡಿಸಿ. ಟೈರಿನ ಗೆರೆಗಳ ಮಧ್ಯೆ ಅಡ್ಡಡ್ಡ ಸಣ್ಣ ಉಬ್ಬು ಇರುತ್ತೆ. ಟೈರ್ ಅದರ ಸಮಕ್ಕೆ ಸವೆದಿದೆ ಅಂದ್ರೆ ಉಳಿದಿರೋದು 1.6 ಮಿಲಿಮೀಟರ್, ಆ ಟೈರಿನ ಕಥೆ ಮುಗೀತು. ಮಳೆಯಲ್ಲಿ ನೀರನ್ನ ಆಚೆ ತಳ್ಳೋದು ಆ ಗೆರೆಗಳೇ. ಗೆರೆ ಇಲ್ಲ ಅಂದ್ರೆ ಟೈರ್ ನೀರಿನ ಮೇಲೆ ತೇಲುತ್ತೆ, ಬ್ರೇಕ್ ಎಷ್ಟೇ ಚೆನ್ನಾಗಿದ್ರೂ ಉಪಯೋಗ ಇಲ್ಲ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ನೋಡಿ. ನನ್ನದರಲ್ಲಿ 3420 ಅಂತಿತ್ತು, 2020ನೇ ಇಸವಿಯ 34ನೇ ವಾರದಲ್ಲಿ ತಯಾರಾಗಿದ್ದು. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತೆ, ಹೀರಿದಷ್ಟೂ ಬೇಗ ಕುದಿಯುತ್ತೆ, ಕುದಿದರೆ ಪೆಡಲ್ ಮೆತ್ತಗಾಗುತ್ತೆ. ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಬದಲಾಯಿಸಬೇಕು. ಈ ಪಟ್ಟಿಗೆ ನನಗೆ ಒಟ್ಟು 27,000 ರೂಪಾಯಿ ಆಯ್ತು.

ಎರಡನೇದು ಆಯಸ್ಸಿನ ಖರ್ಚು: ಇಂಜಿನ್ ಆಯಿಲ್, ಫಿಲ್ಟರ್‌ಗಳು, ಕೂಲೆಂಟ್. ಮ್ಯಾನುಯಲ್‌ನಲ್ಲಿ ಹೇಳಿದ ಸಮಯಕ್ಕೆ ಮಾಡಿಸಿ, ಹೆಚ್ಚೂ ಬೇಡ ಕಮ್ಮಿಯೂ ಬೇಡ. ಬಿಲ್ ಇಟ್ಕೊಳ್ಳಿ. ಕೊಳ್ಳೋನು ಇಂಜಿನ್ ಒಳಗೆ ಇಣುಕಿ ನೋಡೋಕಾಗಲ್ಲ, ಬಿಲ್ ನೋಡ್ತಾನೆ. ಎಸಿಯ ಕ್ಯಾಬಿನ್ ಫಿಲ್ಟರ್‌ನ ಮಾತ್ರ ಇಲ್ಲಿನ ಧೂಳಿಗೆ ಮ್ಯಾನುಯಲ್‌ಗಿಂತ ಬೇಗ ಬದಲಾಯಿಸಿ. ಕೆಲವು ನೂರು ರೂಪಾಯಿ ಖರ್ಚು, ನೀವೇ ಕೈಯಲ್ಲಿ ಹಾಕಬಹುದು. ಬಸುರಿ ಹೆಂಗಸು ಪಕ್ಕದಲ್ಲಿ ಕೂರೋ ಕಾರಿಗೆ ಇದು ಮೊದಲನೇ ಪಟ್ಟಿಗೇ ಸೇರಬೇಕೇನೋ.

ಮೂರನೇದು ಅಂದದ ಖರ್ಚು. ಇದೇ ಕೊಂಬಿನ ಎಣ್ಣೆ. ಡೆಂಟು, ಪೇಂಟು, ಅಲಾಯ್ ಚಕ್ರ, ಹೊಸ ಸೀಟ್ ಕವರ್. ಬೇಡ. ಈಗ ಪರೀಕ್ಷೆ ಮಾಡೋರು ಪೇಂಟಿನ ದಪ್ಪ ಅಳೆಯೋ ಮೀಟರ್ ತರ್ತಾರೆ. ಗೀರು ಬಿದ್ದ ಕಂಪನಿ ಪೇಂಟಿಗಿಂತ ಹೊಳೆಯೋ ಹೊಸ ಪೇಂಟಿನ ಮೇಲೇ ಅವರಿಗೆ ಅನುಮಾನ ಜಾಸ್ತಿ, ಯಾವ ಆಕ್ಸಿಡೆಂಟ್ ಮುಚ್ಚಿಟ್ಟಿದ್ದಾನೋ ಅಂತ. ಚೆಕ್ ಇಂಜಿನ್ ಲೈಟ್ ಬಂದಿದೆ ಅಂತ ಎರರ್ ಕೋಡ್ ಅಳಿಸಿ ತೋರಿಸೋದೂ ಬೇಡ. ಅಳಿಸಿದ ಮೇಲೆ ಕಾರಿನ ಕಂಪ್ಯೂಟರ್ ತನ್ನ ಪರೀಕ್ಷೆಗಳನ್ನ ಮತ್ತೆ ಮುಗಿಸಬೇಕು. ಸ್ಕ್ಯಾನರ್ ಹಾಕಿದ್ರೆ ಅವು ಮುಗಿದಿಲ್ಲ ಅನ್ನೋದು ಕಾಣುತ್ತೆ. ಲಾಗ್ ಡಿಲೀಟ್ ಮಾಡಿದ್ದೂ ಒಂದು ಲಾಗ್.

ಇವು ಯಾವುದಕ್ಕೂ ಸೇರದ ದೊಡ್ಡ ಖರ್ಚು ಬಂದ್ರೆ? ನನಗೆ ಕ್ಲಚ್ ಬಂತು. ಸವೆದಿತ್ತು, ಆದ್ರೆ ಜಾರ್ತಿರಲಿಲ್ಲ. ಹಾಕಿಸಲಿಲ್ಲ. ಎಷ್ಟಾಗುತ್ತೆ ಅಂತ ಬರೆಸಿಕೊಂಡ ಎಸ್ಟಿಮೇಟ್‌ನ ಕೊಳ್ಳೋರ ಕೈಗೇ ಕೊಟ್ಟೆ. ಪ್ರಾಣಕ್ಕೆ ಅಪಾಯ ಇಲ್ಲದ್ದನ್ನ ರಿಪೇರಿ ಮಾಡದೇ ಮಾರಬಹುದು, ಹೇಳದೇ ಮಾರಬಾರದು.

ಅಕ್ಟೋಬರ್‌ನಲ್ಲಿ ಕಾರು ಮಾರಿದೆ. ಅಷ್ಟೊತ್ತಿಗೆ, ಸೆಪ್ಟೆಂಬರ್ 22ರಿಂದ, ಸಣ್ಣ ಹೊಸ ಕಾರುಗಳ ಜಿಎಸ್‌ಟಿ 28ರಿಂದ 18 ಪರ್ಸೆಂಟ್‌ಗೆ ಇಳಿದಿತ್ತು. ಹೊಸದು ಅಗ್ಗ ಆದ್ರೆ ಹಳೇದರ ಬೆಲೆನೂ ಇಳಿಯುತ್ತೆ. ಜೂನ್‌ನಲ್ಲಿ ಒಂದು ಆಪ್ 2,35,000 ಅಂದಿತ್ತು, ಅಕ್ಟೋಬರ್‌ನಲ್ಲಿ ಇನ್ನೂ ಕಮ್ಮಿ ಅಂತು. ಕೊನೆಗೆ ತಗೊಂಡಿದ್ದು ಹಿಸಾರ್‌ನ ಒಬ್ಬ ಸ್ಕೂಲ್ ಮೇಷ್ಟ್ರು, 2,70,000ಕ್ಕೆ. ಹಿಸಾರ್ ಹರಿಯಾಣಾನೇ, ಆದ್ರೆ ಎನ್‌ಸಿಆರ್‌ಗೆ ಸೇರಲ್ಲ. ಹತ್ತು ವರ್ಷದ ಕತ್ತಿ ಅಲ್ಲಿಲ್ಲ. ನಿಮ್ಮ ಡೀಸೆಲ್ ಕಾರಿಗೂ ಒಳ್ಳೇ ಬೆಲೆ ಸಿಗೋದು ಎನ್‌ಸಿಆರ್ ಗಡಿಯಾಚೆ. ಹಾಗಂತ ಟೈರಿಗೆ ಹಾಕಿದ ದುಡ್ಡೆಲ್ಲ ವಾಪಸ್ ಬರುತ್ತೆ ಅಂತ ಲೆಕ್ಕ ಹಾಕಬೇಡಿ. ಸಾಮಾನ್ಯವಾಗಿ ಬರಲ್ಲ. ಅದು ನೀವು ಕೂತು ಓಡಾಡಿದ ದಿನಗಳ ಬೆಲೆ.

ಕಾಗದದ ವಿಷಯ ಬೇಗ ಹೇಳಿಬಿಡ್ತೀನಿ. ಮಾರೋಕೆ ಫಾರ್ಮ್ 29 ಮತ್ತು 30. ಸಾಲ ಇದ್ರೆ ತೀರಿಸಿ ಫಾರ್ಮ್ 35. ಬೇರೆ ರಾಜ್ಯಕ್ಕಾದ್ರೆ ಫಾರ್ಮ್ 28ರಲ್ಲಿ ಎನ್‌ಒಸಿ. ಆರ್‌ಸಿ ಅವರ ಹೆಸರಿಗೆ ಆಗೋ ತನಕ ಬಿಡಬೇಡಿ. 2018ರಲ್ಲಿ ನವೀನ್ ಕುಮಾರ್ ಮತ್ತು ವಿಜಯ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ: ಕಾರು ಎಷ್ಟು ಕೈ ಬದಲಾದ್ರೂ ಅಪಘಾತದ ಪರಿಹಾರಕ್ಕೆ ಹೊಣೆ ಆರ್‌ಸಿಯಲ್ಲಿ ಹೆಸರಿರೋರೇ. ಇನ್ಶೂರೆನ್ಸ್‌ನ ನೋ ಕ್ಲೇಮ್ ಬೋನಸ್ ಕಾರಿಂದಲ್ಲ, ನಿಮ್ಮದು. ಕಂಪನಿಯಿಂದ ಪತ್ರ ತಗೊಂಡ್ರೆ ಮೂರು ವರ್ಷದೊಳಗೆ ಹೊಸ ಕಾರಿಗೆ ಬಳಸಬಹುದು.

ನಿಯಮಗಳನ್ನ ನಂಬಿ ಮಾರೋ ತಾರೀಖು ಇಟ್ಟುಕೊಂಡೋರ ಪಾಡೂ ಕಳೆದ ವರ್ಷ ನೋಡಿದ್ವಿ. ಜುಲೈ 1ರಿಂದ ದೆಹಲಿ ಬಂಕ್‌ಗಳಲ್ಲಿ ಆಯಸ್ಸು ಮುಗಿದ ಗಾಡಿಗೆ ಪೆಟ್ರೋಲ್, ಡೀಸೆಲ್ ಇಲ್ಲ ಅಂದ್ರು, ಕೆಲವೇ ದಿನದಲ್ಲಿ ತಡೆಹಿಡಿದ್ರು. ಆಗಸ್ಟ್ 12ಕ್ಕೆ ಸುಪ್ರೀಂ ಕೋರ್ಟ್ ಮಾಲೀಕರ ಮೇಲೆ ಬಲವಂತದ ಕ್ರಮ ಬೇಡ ಅಂತು. ಡಿಸೆಂಬರ್ 17ಕ್ಕೆ ಆ ರಕ್ಷಣೆ ಬಿಎಸ್-4 ಮತ್ತು ಅದರ ಮೇಲಿನ ಗಾಡಿಗಳಿಗೆ ಮಾತ್ರ ಅಂತು. ಜುಲೈನಲ್ಲಿ ಹೆದರಿ ಸಿಕ್ಕಿದ ಬೆಲೆಗೆ ಮಾರಿದ ಗೆಳೆಯರಿದ್ದಾರೆ. ಮಾರೋ ತಾರೀಖು ಕೋರ್ಟ್‌ನಿಂದ ಬದಲಾಗುತ್ತೆ, ಕೆಲಸದಿಂದ ಬದಲಾಗುತ್ತೆ, ಮಗು ಬರೋ ಸಮಯದಿಂದ ಬದಲಾಗುತ್ತೆ. ಕೊನೇದಂತೂ ಯಾವ ಕ್ಯಾಲೆಂಡರ್‌ಗೂ ಸಿಗಲ್ಲ.

ಮೇಷ್ಟ್ರು ಕಾರು ತಗೊಂಡು ಹೋಗೋಕೆ ಹೆಂಡತಿ, ಇಬ್ಬರು ಮಕ್ಕಳ ಜೊತೆ ಬಂದಿದ್ರು. ಚಿಕ್ಕ ಹುಡುಗಿ, ನಾಲ್ಕು ವರ್ಷ ಇರಬಹುದು, ಹಿಂದಿನ ಸೀಟಿಗೆ ಹತ್ತಿ ಕೂತು ಕಿಟಕಿಯಿಂದ ಟಾಟಾ ಮಾಡಿದಳು. ಮಗುವಿಗೆ ಸರಿಯಾದ ಕಾರಲ್ಲ ಅಂತ ನಾನು ಮಾರಿದ ಕಾರು, ಅವರ ಮಕ್ಕಳಿಗೆ ಮೊದಲನೇ ಕಾರು. ನಾನು ಮೇಷ್ಟ್ರಿಗೆ ಹೇಳಿದೆ, "ಮಗುವಿಗೆ ಸೀಟ್ ಬೆಲ್ಟ್‌ನಿಂದ ಕಟ್ಟೋ ಚೈಲ್ಡ್ ಸೀಟ್ ಸಿಗುತ್ತೆ, ತಗೊಳ್ಳಿ." 14 ವರ್ಷದೊಳಗಿನ ಮಕ್ಕಳನ್ನ ಬೆಲ್ಟ್ ಅಥವಾ ಚೈಲ್ಡ್ ಸೀಟ್ ಇಲ್ಲದೆ ಕೂರಿಸಿದ್ರೆ 1,000 ರೂಪಾಯಿ ದಂಡ ಅಂತ 2019ರ ತಿದ್ದುಪಡಿಯಲ್ಲೇ ಇದೆ. ಅವರು ಹೂಂ ಅಂದ್ರು. ಕಾರು ಗೇಟ್ ದಾಟಿ ತಿರುಗೋವಾಗ ನಾನು ನೋಡಿದ್ದು ಟೈರನ್ನೇ. ಜುಲೈಗಿಂತ ಮುಂಚೆ ಮಾರಿದ್ದಿದ್ರೆ ಆ ಸವೆದ ಟೈರಿನ ಮೇಲೆ ಆ ಹುಡುಗಿ 160 ಕಿಲೋಮೀಟರ್ ಹೋಗ್ತಿದ್ದಳು. ನನಗೆ ಅದು ಗೊತ್ತೂ ಆಗ್ತಿರಲಿಲ್ಲ.

ನಮ್ಮ ಮನೆಗೆ ಮಾರ್ಚ್‌ನಲ್ಲಿ ಮಗು ಬರಬೇಕು. ಹೊಸ ಪೆಟ್ರೋಲ್ ಕಾರು ಬಂದಿದೆ, ಐಸೋಫಿಕ್ಸ್ ಕೊಂಡಿ ಇದೆ. ಅದನ್ನೂ ಒಂದು ದಿನ ಮಾರ್ತೀವಿ, ಯಾವಾಗ ಅಂತ ಈ ಸಲ ತಾರೀಖು ಹಾಕಿಲ್ಲ.

ಈ ಮಾತು ಮುಗಿದ ಮೇಲೆ ಒಂದು ಕೆಲಸ ಮಾಡಿ. ಕೆಳಗೆ ಪಾರ್ಕಿಂಗ್‌ಗೆ ಹೋಗಿ, ಮೊಬೈಲ್ ಟಾರ್ಚ್ ಹಾಕಿ, ನಿಮ್ಮ ನಾಲ್ಕೂ ಟೈರಿನ ಆ ನಾಲ್ಕು ಅಂಕಿ ನೋಡಿ, ಗೆರೆಗಳ ಮಧ್ಯದ ಉಬ್ಬು ನೋಡಿ. ಐದು ನಿಮಿಷ ಸಾಕು.